ಘಟಸರ್ಪದ ಪಾಲು

ನನ್ನ ಮಗಳು ಯಮುನಳನ್ನು ಅಡುಗೆಮನೆಯ ಅಜ್ಜಿಕಥೆಗಳಲ್ಲಿ ಬೆಳೆಸಬಾರದು, ಆಂಗ್ಲ ಸಾಹಿತ್ಯದ ಮೇರುಕೃತಿಗಳಲ್ಲೇ ಬೆಳೆಸಬೇಕು! ಹೀಗೆಂದು ನಾನು ಒಂದು ಶುಭದಿನ ಘೋರ ಪ್ರತಿಜ್ಞೆ ಮಾಡಿದೆ.

ನಮ್ಮ ವಂಶದಲ್ಲಿ ಬಿ.ಎ. ಪಾಸಾದ ಮೊದಲ ಪ್ರಾಣಿ ನಾನು. ಹುದಿಕೇರಿಯ ಹತ್ತಿರ ಒಬ್ಬ ದೊರೆಯ ಕಾಫಿ ಎಸ್ಟೇಟಿನಲ್ಲಿ ಹೆಡ್ ರೈಟರ್, ಅಂದರೆ ಲೆಕ್ಕಪತ್ರದ ದೊಡ್ಡ ಗುಮಾಸ್ತ. ದೊರೆಸಾನಿ ತಮ್ಮ ಇಂಗ್ಲೆಂಡಿಗೆ ಹೊರಟಾಗ ಬಂಗಲೆಯ ಕಪಾಟು ಖಾಲಿ ಮಾಡುತ್ತಾ ನನಗೊಂದು ದಪ್ಪ ಕಾದಂಬರಿ ದಯಪಾಲಿಸಿದ್ದರು. "ನಮ್ಮ ದೇಶದ ಮಕ್ಕಳೆಲ್ಲ ಇದನ್ನು ಕೇಳಿಯೇ ದೊಡ್ಡವರಾಗುವುದು" ಎಂದಿದ್ದರು. ನನಗೆ ಅಷ್ಟು ಸಾಕಾಯಿತು.

"ಆರು ವರ್ಷದ ಮಗೂಗೆ ಇಟ್ಟಿಗೆಯಂಥ ಪುಸ್ತಕವಾ?" ಎಂದಳು ನನ್ನ ಹೆಂಡತಿ ವಿಮಲ.

"ಇಟ್ಟಿಗೆಯೇ! ಇದರ ಮೇಲೆ ಅವಳ ಭವಿಷ್ಯದ ಸೌಧ ಕಟ್ಟುತ್ತೇನೆ!"

"ಕಟ್ಟಿ, ಕಟ್ಟಿ. ನಾಳೆ ನಮ್ಮಪ್ಪ ಬರ್ತಾರೆ. ಸೌಧ ಅವರ ತಲೆ ಮೇಲೆ ಬೀಳದ ಹಾಗೆ ನೋಡ್ಕೊಳ್ಳಿ."

ಅವಳ ಆತಂಕಕ್ಕೆ ಕಾರಣವಿತ್ತು. ಮಾವ ರೇವಣ್ಣನವರು ಶನಿವಾರಸಂತೆ ಕಡೆಯ ಕಟ್ಟಾ ಶಿವಭಕ್ತರು. ಲಿಂಗಪೂಜೆಯಾಗದೆ ತೊಟ್ಟು ನೀರು ಮುಟ್ಟದವರು. ಸುತ್ತಲೂ ಬೇಟೆಯಾಡಿ ಮಾಂಸ ತಿನ್ನುವ ಮನೆಗಳಿರುವ ಈ ಊರಿನಲ್ಲಿ ಮೊಮ್ಮಗಳು ಬೆಳೆಯುವುದು ಅವರಿಗೆ ಸುತರಾಂ ಒಪ್ಪಿಗೆಯಿರಲಿಲ್ಲ. "ಈ ಸಲ ಬಂದು ಕಣ್ಣಾರೆ ನೋಡ್ತೀನಿ. ಮಗು ಆಚಾರ ತಪ್ಪಿದ್ರೆ ಜೊತೇಲೇ ಕರ್ಕೊಂಡು ಹೋಗಿ ನಾನೇ ಸಾಕ್ತೀನಿ" ಎಂದು ಹೇಳಿ ಕಳುಹಿಸಿದ್ದರು. ಅಂದಿನಿಂದ ವಿಮಲಳ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ನಾನು? ನಾನು ಸೌಧ ಕಟ್ಟುತ್ತಿದ್ದೆ.

ಮರುದಿನ ಮಾವ ಬಂದರು. ಬಸ್ಸಿನ ಕುಲುಕಾಟಕ್ಕೆ ಮೈಕೈ ನೋವೆಂದು ಒಳಗೆ ಮಲಗಿದರು. ಸಂಜೆ ನಾನು ಜಗಲಿಯಲ್ಲಿ ಮಗಳನ್ನು ಕೂರಿಸಿಕೊಂಡು, ಸಾಲುಸಾಲಿಗೂ ಕನ್ನಡದ ಅರ್ಥ ಹೇಳುತ್ತಾ ಪಾರಾಯಣ ಆರಂಭಿಸಿದೆ. ರೆಕ್ಕೆಯಿರುವ ಘಟಸರ್ಪವೊಂದು ರಾಜ್ಯದ ದೀಪಗಳನ್ನೆಲ್ಲ ನುಂಗಿಬಿಟ್ಟಿದೆ. ಅದನ್ನು ಕೊಲ್ಲಲು ಒಬ್ಬ ಸರದಾರ ಕತ್ತಿ ಹಿಡಿದು ಕುದುರೆಯೇರಿ ಹೊರಟಿದ್ದಾನೆ. ಆಹಾ, ಎಂಥ ಗಂಭೀರ ಇಂಗ್ಲಿಷು!

"ಕತ್ತಿ ಯಾಕೆ? ಕೋವಿ ಇರಲಿಲ್ವಾ?" ಎಂದಳು ಯಮುನ.

"ಆಗಿನ್ನೂ ಕೋವಿ ಬಂದಿರಲಿಲ್ಲ."

"ನಾಣಯ್ಯ ಮಾಮನ್ನ ಕರೀಬಹುದಿತ್ತು."

ನಾಣಯ್ಯ ನಮ್ಮ ನೆರೆಯ ಕೊಡವ ಬೆಳೆಗಾರರು, ಈ ಸೀಮೆಗೇ ಹೆಸರಾದ ಬೇಟೆಗಾರರು.

"ಅವರು ಹುಟ್ಟೇ ಇರಲಿಲ್ಲ ಮಗೂ."

"ನಾಯಿನೂ ಇಲ್ಲ, ಕಾಡು ಬಡಿದು ಎಬ್ಬಿಸೋರೂ ಇಲ್ಲ. ಒಬ್ನೇ ಹೋದ್ನಾ? ಸುಳ್ಳು!" ಎಂದು ಬಾಯ್ತುಂಬ ಆಕಳಿಸಿದಳು.

ಮೇರುಕೃತಿಗೆ ಆಕಳಿಕೆ! ನನ್ನ ಬಿ.ಎ. ಕೆರಳಿತು. ಆ ಸರದಾರನನ್ನು ಕುದುರೆಯಿಂದ ಕೆಳಗೆ ದಬ್ಬಿ ನಾನೇ ಹತ್ತಿ ಕುಳಿತೆ.

"ನಿಜ ಹೇಳಲಾ? ಕೊಂದದ್ದು ನಾನೇ! ನಿನ್ನೆ, ನಮ್ಮ ಹೊಳೆಯ ಹತ್ತಿರ, ದೊರೆಯ ಕೋವಿಯಿಂದ! ಢಮಾರ್!"

ಆಕಳಿಸುತ್ತಿದ್ದ ಬಾಯಿ ತೆರೆದೇ ನಿಂತಿತು. "ಎಷ್ಟು ದೊಡ್ಡದು?"

"ಪಲ್ಪಿಂಗ್ ಮನೆಯಷ್ಟು!" ಎಂದೆ, ಕಾಫಿ ಹಣ್ಣು ಸುಲಿಯುವ ಎಸ್ಟೇಟಿನ ದೊಡ್ಡ ಕಟ್ಟಡದತ್ತ ಕೈ ತೋರಿಸಿ.

"ಪಾಲು ಯಾರ್ಯಾರಿಗೆ ಕೊಟ್ಟೆ?"

ಇಲ್ಲಿಯ ಬೇಟೆಗೊಂದು ಕಟ್ಟಳೆಯಿದೆ. ಹೊಡೆದವನಿಗೆ ತಲೆ ಸೇರಿ ದೊಡ್ಡ ಪಾಲು, ಜೊತೆಗೆ ಹೋದವರಿಗೆಲ್ಲ ಪಾಲು, ಓಡಿದ ನಾಯಿಗೂ ಪಾಲು, ಕೊಯ್ಯುವ ಹೊತ್ತಿಗೆ ದಾರಿಹೋಕ ಬಂದು ನಿಂತರೂ ಬರಿಗೈಯಲ್ಲಿ ಕಳುಹಿಸುವಂತಿಲ್ಲ. ನಾವು ಮಾಂಸ ಮುಟ್ಟದವರೆಂದು ನಾಣಯ್ಯ ಪ್ರತಿ ಬೇಟೆಯ ಮರುದಿನ ನಮ್ಮ ಪಾಲಿಗೆ ಜೇನನ್ನೋ ಕಿತ್ತಳೆಯನ್ನೋ ಕಳುಹಿಸುತ್ತಿದ್ದರು.

"ಎಲ್ಲರೂ ನಮಗೆ ಕೊಡ್ತಾರೆ, ನಾವು ಒಂದ್ಸಲಾನೂ ಕೊಟ್ಟಿಲ್ಲ" ಎಂದು ಮಗಳು ಮುಖ ಚಿಕ್ಕದು ಮಾಡಿದಳು. "ನಾಳೆ ಕೊಡೋಣ್ವಾ?"

"ಧಾರಾಳವಾಗಿ!" ಎಂದು ಪುಸ್ತಕ ಮುಚ್ಚಿದೆ. ಆಂಗ್ಲ ಸಾಹಿತ್ಯ ಕೊನೆಗೂ ಬೇರು ಬಿಟ್ಟಿತ್ತು!

ಬೆಳಗ್ಗೆ ಮಾವನವರು ಮಿಂದು, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕುಳಿತರು. ವಿಮಲ ಅಪ್ಪನಿಗಾಗಿ ಕಾಯಿಹೋಳಿಗೆ ಬೇಯಿಸುತ್ತಿದ್ದಳು. ಅಂಗಳದಲ್ಲಿ ನಾಯಿ ಬೊಗಳಿತು. ಒಂದಲ್ಲ, ದಂಡು ದಂಡೇ!

ಹೊರಗೋಡಿದೆ. ಸೊಂಟದಲ್ಲಿ ಕತ್ತಿ, ಕೈಯಲ್ಲಿ ಬಾಳೆಲೆಯ ಕಟ್ಟು ಹಿಡಿದು ನಾಣಯ್ಯ ನಿಂತಿದ್ದರು. ಅವರ ಹಿಂದೆ ಮಕ್ಕರಿ ಹೊತ್ತ ಆಳು ಚೋಮ, ಪಾತ್ರೆ ಹಿಡಿದ ಕೂಲಿ ಲೈನಿನ ಹೆಂಗಸರು. ಎಲ್ಲರಿಗೂ ಮುಂದೆ ಸೇನಾಧಿಪತಿಯಂತೆ ನನ್ನ ಮಗಳು! ಬೆಳಕು ಹರಿಯುತ್ತಲೇ ಮನೆಮನೆಗೆ ಹೋಗಿ ಕರೆದು ಬಂದಿದ್ದಳು.

"ಎಂತ ರೈಟ್ರೇ!" ನಾಣಯ್ಯ ಗುಡುಗಿದರು. "ಪಲ್ಪಿಂಗ್ ಮನೆಯಷ್ಟು ದೊಡ್ಡದು ಹೊಡೆದ್ರಂತೆ. ಆನೆಯಾ? ಆನೆ ಆದ್ರೆ ಸರ್ಕಾರ ಹಿಡೀತದೆ ಮಾರಾಯ್ರೇ, ಬೇಗ ಹೇಳಿ!"

"ಅಯ್ಯೋ, ಮೆಲ್ಲಗೆ! ಒಳಗೆ ಮಾವನವರು ಪೂಜೇಲಿದಾರೆ!"

"ಓ! ಅವರಿಗೆ ಗೊತ್ತಾಗದ ಹಾಗೆ ಅಡಗಿಸಿಟ್ಟಿದ್ದೀರಾ?" ಎಂದು ಪಿಸುಗುಟ್ಟಿದರು. ನಾಣಯ್ಯನವರ ಪಿಸುಮಾತು ಪಕ್ಕದ ಎಸ್ಟೇಟಿಗೂ ಕೇಳಿಸುತ್ತದೆ.

"ರೆಕ್ಕೆ ನಂಗೇ ಅಂತ ಪಾಪು ಹೇಳೈತೆ ಬುದ್ಧಿ" ಎಂದ ಚೋಮ, ಮಕ್ಕರಿ ಇಳಿಸುತ್ತಾ.

ಹಿಂದೆ ಬಾಗಿಲು ಕಿರ್ರೆಂದಿತು. ಹಣೆತುಂಬ ವಿಭೂತಿಯ ಮಾವನವರು!

"ಅಳಿಯಂದ್ರೇ, ಏನು ಹೊಡೆದ್ರಿ?"

"ಘಟಸರ್ಪ, ಮಾವ."

"ಹಾವು?"

"ರೆಕ್ಕೆ ಇರೋ ಹಾವು."

"ಹಾವು ತಿನ್ನೋಕೆ ಇಷ್ಟು ಜನಾನ ಕರೆದ್ರಾ?"

"ಇಂಗ್ಲಿಷ್ ಹಾವು ಮಾವ! ಪುಸ್ತಕದಲ್ಲಿತ್ತು!"

ಒಳಗೋಡಿ ಪುಸ್ತಕ ತಂದು ಚಿತ್ರ ತೋರಿಸಿದೆ. ನಾಣಯ್ಯ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಅಂದ್ರೆ ಸತ್ತದ್ದು ಎಂತದೂ ಇಲ್ಲ?"

"ಇಲ್ಲ."

ಅವರು ನಕ್ಕ ಅಬ್ಬರಕ್ಕೆ ನಾಯಿಗಳೇ ಬೊಗಳುವುದನ್ನು ನಿಲ್ಲಿಸಿದವು. ಅಂಗಳವೆಲ್ಲ ನಕ್ಕಿತು. ಬಾಗಿಲಲ್ಲಿ ನಿಂತ ವಿಮಲ ಮಾತ್ರ ಕಣ್ಣೊರೆಸಿಕೊಂಡಳು. ಮಗಳ ಬಟ್ಟೆಯ ಗಂಟು ಅವಳ ಕಣ್ಣೆದುರಿಗೆ ಆಗಲೇ ಬಂದು ಕೂತಿತ್ತು.

ನಗದಿದ್ದ ಇನ್ನೊಬ್ಬಳು ಯಮುನ. "ಪಾಲು ಇಲ್ವಾ?" ಅವಳು ತಾತನ ಹತ್ತಿರ ಓಡಿದಳು. "ತಾತ, ನಾವು ಮಾಂಸ ತಿನ್ನಲ್ಲ ಅಂತ ನಾಣಯ್ಯ ಮಾಮ ಪ್ರತೀ ಸಲ ನಮಗೆ ಅಂತಾನೇ ಜೇನು ಕೊಡ್ತಾರೆ. ನಾವು ಏನೂ ಕೊಟ್ಟಿಲ್ಲ. ನಾನು ಎಲ್ಲರನ್ನೂ ಕರೆದುಬಿಟ್ಟೆ."

ಮಾವನವರು ನಾಣಯ್ಯನತ್ತ ತಿರುಗಿದರು. "ಹೌದೇ? ಜೇನು ಕಳಿಸ್ತೀರಾ?"

"ಮತ್ತೆಂತ ಯಜಮಾನ್ರೇ? ನೆರೆಯವರನ್ನ ಬಿಟ್ಟು ಪಾಲು ಹಾಕ್ಲಿಕ್ಕೆ ಆಗ್ತದಾ?"

ಮಾವನವರು ಮೊಮ್ಮಗಳ ತಲೆ ಸವರಿದರು. ಆಮೇಲೆ ಬಾಗಿಲತ್ತ ತಿರುಗಿದರು. "ವಿಮಲಾ, ಬೆಂದಿರೋ ಹೋಳಿಗೆ ಎಲ್ಲಾ ತಾ. ಮಗು ಕರೆದು ತಂದೋರನ್ನ ಬರಿಗೈಲಿ ಕಳಿಸೋದು ಯಾವ ಆಚಾರ?"

ಅಂಗಳದಲ್ಲಿ ಬಾಳೆಲೆ ಹರಡಿತು. ತಾತ ಮುರಿದು ಪಾಲು ಹಾಕಿದರು, ಮೊಮ್ಮಗಳು ಹಂಚಿದಳು. ನಾಣಯ್ಯನಿಗೆ ಆಯಿತು, ಚೋಮನಿಗೆ ಆಯಿತು, ಹೆಂಗಸರ ಪಾತ್ರೆಗಳಿಗೂ ಬಿತ್ತು. ಬೆಳಗಿನಿಂದ ಬರೀ ಪರಿಮಳ ಕುಡಿಯುತ್ತಿದ್ದ ನಾನು ಕೊನೆಯ ಹೋಳಿಗೆಗೆ ಕೈ ಚಾಚಿದೆ. "ಹೊಡೆದವನಿಗೆ ದೊಡ್ಡ ಪಾಲು ಅಲ್ವಾ ಮಗೂ?"

"ನೀನು ಹೊಡೆದೇ ಇಲ್ವಲ್ಲಪ್ಪ!" ಎಂದು ಅವಳು ಅದನ್ನು ಚೋಮನ ನಾಯಿಗೆ ಹಾಕಿದಳು. "ಇದು ಪಾಪ, ಓಡಿಯಾದ್ರೂ ಬಂತು."

ಎಲ್ಲರೂ ಹೋದ ಮೇಲೆ ಮೆಲ್ಲಗೆ ಕೇಳಿದೆ: "ಮಾವ, ಮಗೂನ ಕರ್ಕೊಂಡು ಹೋಗ್ತೀರಾ?"

"ಅವಳು ಇಲ್ಲೇ ಇರ್ಲಿ. ಸರಿಯಾಗೇ ಬೆಳೀತಿದಾಳೆ." ಮಾವನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಮಗಳತ್ತ ತಿರುಗಿದರು.

"ವಿಮಲಾ, ಇವರ ಬಟ್ಟೆ ಗಂಟು ಕಟ್ಟಮ್ಮ. ಒಂದಷ್ಟು ದಿನ ಇವರನ್ನೇ ನಾನು ಸಾಕ್ತೀನಿ!"