ಜಪಾನಿ ವಾಕ್ಯವೂ ಅವ್ವನ ಹೋಳಿಗೆಯೂ

ಹೊಸ ಭಾಷೆ ಕಲಿಯಲು ಹೊರಟವನು ಫಜೀತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಮನೆ ವಿಚಾರಿಸಿಕೊಂಡು ಬರುತ್ತವೆ. ತೊಂಬತ್ತರ ದಶಕದ ಕೊನೆಗೆ ಪುಣೆಯ ನಮ್ಮ ಕಾರ್ಖಾನೆಗೆ ಜಪಾನಿನಿಂದ ಯಂತ್ರ ಬರುವುದಿತ್ತು. "ಜಪಾನಿ ಕಲಿತರೆ ದುಭಾಷಿ ನೀನೇ, ಇಲ್ಲದಿದ್ದರೆ ಮುಂಬಯಿಯಿಂದ ಕರೆಸುತ್ತೇನೆ" ಎಂದರು ನಮ್ಮ ಮರಾಠಿ ಸಾಹೇಬರು. ಗುಮಾಸ್ತಿಕೆಯಿಂದ ಬೇಸತ್ತಿದ್ದ ನಾನು ಸಂಜೆ ಕ್ಲಾಸಿಗೆ ಸೇರಿಯೇಬಿಟ್ಟೆ.

ಚಹಾ ಕುಡಿಯುತ್ತಿದ್ದಾರೆ

ಜಪಾನಿಯಲ್ಲಿ ನಡೆಯುತ್ತಿರುವ ಕೆಲಸಕ್ಕೂ ಆಗಿ ನಿಂತ ಸ್ಥಿತಿಗೂ ಬಾಲ ಒಂದೇ. 'ಕುಡಿಯುತ್ತಿದ್ದಾರೆ', 'ಕಿಟಕಿ ತೆರೆದಿದೆ', ಎರಡರ ಕೊನೆಗೂ 'ಇಮಾಸು'. ಕ್ಲಾಸಿನ ಮೇಡಂ ಕಣ್ಣೆದುರು ಕಂಡದ್ದನ್ನೇ ಹೇಳಿಸುತ್ತಿದ್ದರು. ನಮ್ಮ ಜೊತೆ ಕಲಿಯುತ್ತಿದ್ದ, ನಮ್ಮ ಕಡೆಯವರೇ ಆದ ನಿವೃತ್ತ ಪೋಸ್ಟ್‌ಮಾಸ್ತರರ ಕೈಗೆ ಚಹಾ ಕೊಟ್ಟು, "ಇವರೇನು ಮಾಡುತ್ತಿದ್ದಾರೆ?" ಎಂದು ನನ್ನನ್ನು ಕೇಳಿದರು. ನಾನು ಶಬ್ದ ಹುಡುಕಿ, ಕ್ರಿಯಾಪದ ತಿರುಚಿ, ಬಾಲ ಜೋಡಿಸುವಷ್ಟರಲ್ಲಿ ಕಪ್ ಖಾಲಿ.

ಮಾಸ್ತರರು ಮೀಸೆ ಒರೆಸಿಕೊಂಡು ನನ್ನತ್ತ ಬಾಗಿ ಕನ್ನಡದಲ್ಲೇ ಹೇಳಿದರು: "ಅವಸರ ಮಾಡಬ್ಯಾಡ್ರಿ. ಇನ್ನೊಂದ್ ಕಪ್ ತರಸ್ರಿ, ನೀವು ಮುಗಸೂತನಕಾ ಕುಡೀತಾ ಇರ್ತೀನಿ."

ಹಾಲು ಉಕ್ಕುತ್ತಿದೆ

ಮನೆಯಲ್ಲೂ ಕಂಡದ್ದನ್ನೆಲ್ಲ ಜಪಾನಿಯಲ್ಲಿ ಹೇಳುವ ಹುಚ್ಚು ಹತ್ತಿತು. ಅವ್ವ ಹಾಲಿಟ್ಟು, "ಸ್ವಲ್ಪ ನೋಡಪಾ" ಎಂದು ಬಾಗಿಲಿಗೆ ಹೋದಳು. ನೋಡಿದೆ. ಹಾಲು ಉಕ್ಕತೊಡಗಿತು. ಒಳ್ಳೇ ಉದಾಹರಣೆ ಸಿಕ್ಕಿತೆಂದು ವಾಕ್ಯ ಕಟ್ಟುತ್ತ ನಿಂತೆ. ಅವ್ವ ಬಂದಾಗ ವಾಕ್ಯ ತಯಾರಾಗಿತ್ತು, ಹಾಲು ಕಟ್ಟೆಯ ಮೇಲಿತ್ತು.

"ಮಾತು ಬೇಕಾದ್ರ ಜಪಾನದಾಗ ಆಡು" ಎಂದು ಅವ್ವ ಅರಿವೆ ಎಸೆದಳು, "ಒರಸೂದು ಮಾತ್ರ ಪುಣೇದಾಗ ಒರಸು."

ಊಟ ಆಗಿದೆ

ಕೊನೆಗೆ ಜಪಾನಿ ಇಂಜಿನಿಯರು ಬಂದರು. ಅವರು ಒಪ್ಪಿದರೆ ಮಾತ್ರ ದುಭಾಷಿ ಕೆಲಸ ನನಗೆ. ಒಲಿಸಿಕೊಳ್ಳೋಣವೆಂದು ಕೊಂಢವಾ ಬಡಾವಣೆಯ ನಮ್ಮ ಮನೆಗೆ ಊಟಕ್ಕೆ ಕರೆದೆ. 'ಊಟ ಆಗಿದೆಯೆ, ಏಳೋಣವೆ?' ಎಂಬ ವಾಕ್ಯವನ್ನು ಈ ಸಲ ಮೊದಲೇ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ಆದರೆ ಊಟ ಆಗಲೇ ಇಲ್ಲ.

ತಟ್ಟೆಯಲ್ಲಿ ಬಿಟ್ಟೇಳುವುದು ಅವರಿಗೆ ಅಗೌರವ. ಅತಿಥಿಯ ತಟ್ಟೆ ಖಾಲಿ ಇರುವುದು ಅವ್ವನಿಗೆ ಅಗೌರವ. ಅವರು ತಿಂದಂತೆಲ್ಲ ಇವಳು ಹೋಳಿಗೆ ಬಡಿಸಿದಳು.

"ಅವ್ವಾ, ಅವರಿಗೆ ಸಾಕಂತ!"

"ಸಾಕಾದವರು ಹಿಂಗ ತಟ್ಟಿ ಬಳದು ತಿಂತಾರೇನು? ಸಂಕೋಚ ಪಾಪ ಅವಂಗ."

ಪಾಪ, ಇಂಜಿನಿಯರು ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದರು. ಹೋಳಿಗೆ ಕೈಯ ಮೇಲೆ ಬಿತ್ತು, ಅದರ ಮೇಲೆ ತುಪ್ಪವೂ ಬಿತ್ತು. ದುಭಾಷಿ ಕೆಲಸ ಕೈತಪ್ಪಿತೆಂದುಕೊಂಡೆ.

ಮರುದಿನ ಇಂಜಿನಿಯರು ಹೊಟ್ಟೆ ಹಿಡಿದುಕೊಂಡೇ ಸಾಹೇಬರ ಮುಂದೆ ಕೂತರು. ಅವರು ಹೇಳಿದ್ದನ್ನು ನಾನೇ ಮರಾಠಿಗೆ ತರಬೇಕಾಯಿತು: "ದುಭಾಷಿ ಇವರೇ ಇರಲಿ. ಊಟ ಮಾತ್ರ ಹೋಟೆಲಿನಲ್ಲಿ."

ಖುಷಿಯಿಂದ ಮನೆಗೆ ಓಡಿಬಂದು ಇದನ್ನು ಅವ್ವನಿಗೆ ಹೇಳಿದೆ. ಅವಳ ಮುಖ ಬಾಡಿತು.

"ಅಯ್ಯ ಪಾಪ! ನಮ್ಮ ಮನ್ಯಾಗ ಹೊಟ್ಟಿ ತುಂಬಲಿಲ್ಲ ನೋಡು, ಅದಕ್ಕ ಹೋಟೆಲಿಗೆ ಹೊಂಟಾನ!"