ಮೂರು ಬಣ್ಣದ ಪರಾತ ಮತ್ತು ಒಂದು ‘ವ್ಹಾ’

ನನಗೆ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಬೇರೆಯವರು ಹೇಳಿದರೆ ಇನ್ನೂ ನಾಲ್ಕು ಸೇರಿಸಿ ಹೇಳುತ್ತಾರೆ. ಎದೆ ಉರಿ ಎಂದು ಒಮ್ಮೆ ಚಿಕ್ಕೋಡಿಯ ಡಾಕ್ಟರರ ಹತ್ತಿರ ಹೋದಾಗ ಅವರು ಖಾರ ಕಡಿಮೆ ಮಾಡಿ ಎಂದರು. ಉರಿಯ ಕಾರಣ ಪಕ್ಕದ ಮನೆಯಲ್ಲಿದೆ, ಅದಕ್ಕೆ ಗುಳಿಗೆ ಇದೆಯೇ ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ. ಇದು ಇವತ್ತಿನ ರೋಗವೂ ಅಲ್ಲ. ಕಬ್ಬೂರಿನಲ್ಲಿ ನಾನು ಚಿಕ್ಕವಳಿದ್ದಾಗ ಅಕ್ಕನಿಗೆ ಹಸಿರು ರಿಬ್ಬನ್ನು, ನನಗೆ ಕೆಂಪು ರಿಬ್ಬನ್ನು ತಂದಿದ್ದರು. ಹಸಿರೇ ಬೇಕೆಂದು ನೆಲಕ್ಕೆ ಬಿದ್ದು ಹೊರಳಾಡಿದೆ. ಅಕ್ಕ ಪಾಪ ಬಿಚ್ಚಿ ಕೊಟ್ಟಳು. ಅವಳ ತಲೆಗೆ ಕೆಂಪು ಏರಿದ ಕೂಡಲೇ ಕೆಂಪೇ ಚೆಂದ ಕಾಣತೊಡಗಿತು. ಅವ್ವ ಎರಡನ್ನೂ ಕಿತ್ತುಕೊಂಡು ಎಮ್ಮೆಯ ಕರುವಿನ ಕೊರಳಿಗೆ ಕಟ್ಟಿದಳು. ಆಮೇಲೆ ಎಷ್ಟೋ ದಿನ ನಾನು ಆ ಕರುವಿನ ಮೇಲೆ ಸಿಟ್ಟಾಗಿದ್ದೆ.

ಹೀಗೆ ಹುಟ್ಟಿನಿಂದ ಬಂದ ರೋಗಕ್ಕೆ ನಮ್ಮ ಯಜಮಾನರನ್ನು ಪೂರ್ತಿ ಹೊಣೆ ಮಾಡಲಾಗದು. ಆದರೆ ರೋಗ ಬಲಿಯಲು ಅವರೇ ಕಾರಣ. ಅವರು ಸದಲಗಾದ ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರರು. ಮಕ್ಕಳ ಉತ್ತರಪತ್ರಿಕೆಗಳಿಗೆ ಧಾರಾಳವಾಗಿ ಅಂಕ ಹಾಕುವ ಮನುಷ್ಯ. ಅಡಿಗೆಗೆ ಮಾತ್ರ ಒಂದೇ ಅಂಕ, ಅದರ ಹೆಸರು ‘ನಡೀತೈತಿ’. ಮದುವೆಯಾದ ಮೊದಲ ವಾರ ಬೆರಳು ಸುಟ್ಟುಕೊಂಡು ಹೋಳಿಗೆ ಮಾಡಿ ಬಡಿಸಿ, ಬಾಗಿಲಿಗೆ ಆತು ನಿಂತು, “ಹೆಂಗ ಆಗ್ಯಾವ್ರಿ?” ಎಂದು ಕೇಳಿದೆ. “ನಡೀತೈತಿ” ಎಂದರು. ಮರುವಾರ ರೊಟ್ಟಿ ಹೊತ್ತಿ ಕರಿದಾಯಿತು, ಅದಕ್ಕೂ “ನಡೀತೈತಿ”. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಒಂದೇ ಮಾತಾದರೆ ಹೆಂಡತಿಯಾದವಳು ಏನೆಂದು ತಿಳಿಯಬೇಕು? ಹದಿನಾಲ್ಕು ವರ್ಷ ನಾನು ಅದನ್ನು ಅವರ ಸ್ವಭಾವ ಎಂದುಕೊಂಡು ಸಮಾಧಾನ ಮಾಡಿಕೊಂಡಿದ್ದೆ. ಕೆಲವರ ಬಾಯಲ್ಲಿ ಹೊಗಳಿಕೆ ಹುಟ್ಟುವುದೇ ಇಲ್ಲ, ಏನು ಮಾಡುವುದು.

ಹುಟ್ಟುತ್ತದೆ ಎಂದು ಗೊತ್ತಾದದ್ದು ಪಕ್ಕದ ಮನೆಯ ತ್ರಿಶಲಾ ವೈನಿಯ ಪಡಸಾಲೆಯಲ್ಲಿ. ಆಕೆಯ ಯಜಮಾನರು ಅದೇ ಶಾಲೆಯಲ್ಲಿ ಗಣಿತದ ಮಾಸ್ತರರು. ಜೈನರು, ದೂಧಗಂಗೆಯ ದಂಡೆಯಲ್ಲಿ ಕಬ್ಬಿನ ಹೊಲ ಇದ್ದವರು. ಸಂಬಳ ಅವರಿಗೆ ಎಲೆ ಅಡಿಕೆಯ ಖರ್ಚಿಗೆ. ವೈನಿಯ ತವರು ಕೊಲ್ಲಾಪುರ. ನಮ್ಮ ಓಣಿಗೆ ಗ್ಯಾಸಿನ ಒಲೆ ಮೊದಲು ಬಂದದ್ದು ಅವರ ಮನೆಗೆ, ಮಿಕ್ಸರ್ ಬಂದದ್ದೂ ಅವರ ಮನೆಗೆ. ಮಿಕ್ಸರು ಗರ್ರ್ ಎಂದಾಗಲೆಲ್ಲ ಒಳಕಲ್ಲಿನ ಮುಂದೆ ಕೂತ ನನ್ನ ರಟ್ಟೆ ಇನ್ನಷ್ಟು ನೋಯುತ್ತಿತ್ತು. ಆಕೆ ಸೊಕ್ಕಿನವಳಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಆದರೆ “ಅಕ್ಕಾರ, ಚಟ್ನಿ ರುಬ್ಬೂದಿದ್ರ ಕೊಡ್ರಿ, ಎರಡ ನಿಮಿಷದಾಗ ಆಗ್ತೈತಿ” ಎಂದು ತಾನಾಗಿಯೇ ಬಂದು ಕೇಳುವ ಹೆಂಗಸು. ಅಂಥವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟದ ಕೆಲಸ, ನಾನು ಆ ಕಷ್ಟವನ್ನೂ ಪಟ್ಟೆ.

ಜನವರಿ ಇಪ್ಪತ್ತಾರು, ಆಗಸ್ಟ್ ಹದಿನೈದು, ಈ ಎರಡು ದಿನ ಝೆಂಡಾ ಏರಿಸಿದ ಮೇಲೆ ಮಾಸ್ತರರೆಲ್ಲ ಯಾರಾದರೂ ಒಬ್ಬರ ಮನೆಗೆ ಫರಾಳಕ್ಕೆ ಹೋಗುವ ರೂಢಿ ಇತ್ತು. ಸರದಿಯ ಪ್ರಕಾರ ಮನೆ ಬದಲಾಗುತ್ತಿತ್ತು. ಎಲ್ಲರ ಮನೆಯಲ್ಲೂ ಅವಲಕ್ಕಿ, ಶಿರಾ, ಚಹಾ. ಆ ವರ್ಷದ ಜನವರಿ ಸರದಿ ತ್ರಿಶಲಾ ವೈನಿಯದು. ಆಕೆ ಒಳಗಿನಿಂದ ಒಂದು ದೊಡ್ಡ ಸ್ಟೀಲಿನ ಪರಾತ ಹೊತ್ತು ತಂದು ಟೀಪಾಯಿಯ ಮೇಲೆ ಇಟ್ಟಳು. ಮೇಲಿನ ಸಾಲಿಗೆ ಕೇಸರಿ ಬಣ್ಣದ ಜಿಲೇಬಿ, ನಡುವಿನ ಸಾಲಿಗೆ ಕೊಬ್ಬರಿ ವಡಿ, ಕೆಳಗಿನ ಸಾಲಿಗೆ ಹಸಿ ಕಡಲೆಯ ಉಸುಳಿ. ಬಿಳಿಯ ನಟ್ಟನಡುವೆ ಒಂದೇ ಒಂದು ಚಕಲಿ, ಅದು ಅಶೋಕ ಚಕ್ರ. ಹೆಡ್‌ಮಾಸ್ತರರು ಕನ್ನಡಕ ಏರಿಸಿ ನೋಡಿದರು. ಡ್ರಿಲ್ ಮಾಸ್ತರರು ಅರ್ಧ ಎದ್ದು ನಿಂತರು, ಸೆಲ್ಯೂಟ್ ಹೊಡೆಯಬೇಕೋ ತಿನ್ನಬೇಕೋ ಅವರಿಗೆ ತಿಳಿಯಲಿಲ್ಲ. ಆಗ ನಮ್ಮ ಯಜಮಾನರು ಒಂದು ಜಿಲೇಬಿ ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಸ್ಪಷ್ಟವಾಗಿ “ವ್ಹಾ” ಎಂದರು.

ನಾನು ಅಡಿಗೆಮನೆಯ ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ತಂಬಿಗೆ ಕೈಯಿಂದ ಬೀಳಲಿಲ್ಲ ಎಂಬುದೇ ನನ್ನ ಸಂಸ್ಕಾರ. ಮನೆಗೆ ಬಂದ ಮೇಲೆ, “ಜಿಲೇಬಿ ಪ್ಯಾಟಿಯಿಂದ ತಂದಿದ್ರು, ಗೊತ್ತೈತೇನು?” ಎಂದೆ. “ಹೌದಾ?” ಎಂದು ಪೇಪರು ಬಿಡಿಸಿದರು. ಅಂಗಡಿಯ ಜಿಲೇಬಿಗೂ ಸಿಕ್ಕ ‘ವ್ಹಾ’ ನನ್ನ ಹೋಳಿಗೆಗೆ ಸಿಕ್ಕಿರಲಿಲ್ಲ. ನನಗೆ ಅಳು ಬಂತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ. ಆಗಸ್ಟ್ ಹದಿನೈದರ ಸರದಿ ನಮ್ಮದು ಎಂಬುದು ನೆನಪಾಗಿ ಅಳು ನಿಂತಿತು.

ಆರು ತಿಂಗಳು ನಾನು ಬಣ್ಣಗಳಲ್ಲೇ ಬದುಕಿದೆ. ಹಾದಿಯಲ್ಲಿ ಯಾರದಾದರೂ ಕೇಸರಿ ಸೀರೆ ಕಂಡರೂ ಇದನ್ನು ಹೇಗೆ ಕರಿಯಬಹುದು ಎಂಬ ಯೋಚನೆ. ಮೊದಲು ಶೇವಿನ ಹಿಟ್ಟಿಗೆ ಅರಿಶಿನ ಹೆಚ್ಚು ಹಾಕಿದರೆ ಕೇಸರಿ ಬರಬಹುದು ಎಂದುಕೊಂಡೆ. ಗರಿಗರಿಯಾಗಲಿ ಎಂದು ಸೋಡಾವನ್ನೂ ಸುರಿದೆ. ಅರಿಶಿನಕ್ಕೆ ಸೋಡಾ ತಾಗಿದ್ದೇ ಹಿಟ್ಟು ಇಟ್ಟಂಗಿಯ ಬಣ್ಣಕ್ಕೆ ತಿರುಗಿತು. ಯಜಮಾನರು ಆ ಕೆಂಪು ಶೇವು ತಿಂದು, “ನಡೀತೈತಿ” ಎಂದರು. ಕೊನೆಗೆ ಹೊಳೆಯಿತು, ಗಜ್ಜರಿ, ಪೇಟೆಯವರ ಕ್ಯಾರೆಟ್ಟು. ಬಣ್ಣದ ಪುಡಿಯ ಹಂಗಿಲ್ಲದ, ದೇವರೇ ಕೊಟ್ಟ ಕೇಸರಿ. ಹಸಿರಿಗೆ ಕೊತ್ತಂಬರಿ ವಡಿ, ಅದೂ ಮಳೆಗಾಲದ ಎಳೆ ಸೊಪ್ಪಿನದು. ಕೊಲ್ಲಾಪುರದವಳಿಗೆ ಹೊಳೆಯದ್ದು ಕಬ್ಬೂರಿನವಳಿಗೆ ಹೊಳೆಯಿತು ಎಂದು ಎಷ್ಟು ಹಿಗ್ಗಿದೆನೆಂದರೆ, ಆಕೆ ಯಾಕೆ ಗಜ್ಜರಿಯ ಹತ್ತಿರ ಹೋಗಿರಲಿಲ್ಲ ಎಂದು ಒಂದು ಕ್ಷಣವೂ ಕೇಳಿಕೊಳ್ಳಲಿಲ್ಲ. ಯಜಮಾನರನ್ನು ಬಸ್ಸಿಗೆ ಹತ್ತಿಸಿ ನಿಪ್ಪಾಣಿಯಿಂದ ಮೂರು ಕಿಲೋ ಗಜ್ಜರಿ ತರಿಸಿದೆ. ಹೆರೆದು ಹೆರೆದು ಬೆರಳಿನ ತುದಿಯೂ ಕೇಸರಿಯಾಯಿತು.

ಎಲ್ಲ ತಯಾರಾದ ಮೇಲೆ ಗೊತ್ತಾಯಿತು, ಇದನ್ನೆಲ್ಲ ಹಿಡಿಸುವ ಪರಾತ ನನ್ನ ಹತ್ತಿರ ಇಲ್ಲ. ಓಣಿಯಲ್ಲಿ ಅಷ್ಟು ದೊಡ್ಡದು ಒಂದೇ ಮನೆಯಲ್ಲಿತ್ತು. ಕುಸ್ತಿಗೆ ಇಳಿಯುವವನು ಎದುರಾಳಿಯ ಲಂಗೋಟಿಯನ್ನೇ ಕೇಳಲು ಹೋದ ಹಾಗೆ ನಾನು ತ್ರಿಶಲಾ ವೈನಿಯ ಬಾಗಿಲಿಗೆ ಹೋದೆ. ಆಕೆ ಯಾಕೆ ಏನು ಎಂದು ಕೇಳಲಿಲ್ಲ. ಒರೆಸಿ ಕೊಟ್ಟು, “ಏನರೆ ಕೆಲಸ ಇದ್ರ ಕರೀರಿ ಅಕ್ಕಾರ, ಬರ್ತೀನಿ” ಎಂದಳು. ಬೇಡ ಎಂದೆ. ಗುಟ್ಟು ಹೊರಗೆ ಹೋಗಬಾರದಲ್ಲ.

ಹದಿನೈದರ ಬೆಳಿಗ್ಗೆ ಜಿಟಿಜಿಟಿ ಮಳೆ. ಅವರೆಲ್ಲ ಝೆಂಡಾಕ್ಕೆ ಹೋದಾಗ ನಾನು ಪರಾತ ತುಂಬಿಸಿದೆ. ಮೇಲೆ ಗಜ್ಜರಿ ಹಲ್ವಾ, ಕೆಳಗೆ ಕೊತ್ತಂಬರಿ ವಡಿ. ಬಿಳಿಯ ವಿಷಯವನ್ನು ಮಾತ್ರ ನಾನು ಮರೆತೇಬಿಟ್ಟಿದ್ದೆ. ಕೊಬ್ಬರಿ ವಡಿ ಮಾಡಿದರೆ ಆಕೆಯ ಎಂಜಲು ತಿಂದಂತೆ. ಡಬ್ಬಿಯಲ್ಲಿದ್ದ ಚುರುಮುರಿಯನ್ನು ಒಗ್ಗರಣೆ ಕೂಡ ಇಲ್ಲದೆ ಹಾಗೆಯೇ ಸುರಿದೆ. ಚಕ್ರಕ್ಕೆ ಚಕಲಿ ಇಡುವ ಹಾಗಿರಲಿಲ್ಲ, ಅದೂ ಆಕೆಯದೇ ಕಲ್ಪನೆ. ಒಂದು ದಪ್ಪ ಉಳ್ಳಾಗಡ್ಡಿಯನ್ನು ದುಂಡಗೆ ಕೊಯ್ದು ನಡುವೆ ಇಟ್ಟೆ. ನೀಲಿಯ ಹತ್ತಿರದ ಬಣ್ಣ, ಒಂದರೊಳಗೊಂದು ಸುತ್ತು. ಚಕಲಿಗಿಂತ ಇದೇ ಹೆಚ್ಚು ಚಕ್ರದಂತೆ ಕಂಡಿತು. ನಾನೇ ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಮನಸ್ಸಿನಲ್ಲೇ ‘ವ್ಹಾ’ ಎಂದುಕೊಂಡೆ.

ಎಲ್ಲರೂ ಬಂದು ಕೂತರು. ಸೆರಗು ಸರಿಮಾಡಿಕೊಂಡು ಪರಾತ ತಂದಿಟ್ಟೆ. “ಛಲೋ ಕಾಣತೈತ್ರಿ” ಎಂದರು ಹೆಡ್‌ಮಾಸ್ತರರು. ಆದರೆ ಯಾರ ಕೈಯೂ ಮುಂದೆ ಬರಲಿಲ್ಲ. ಸಂಕೋಚ ಇರಬೇಕೆಂದು, “ತಗೋರಿ ಸರ್, ಹಲ್ವಾ ತಗೋರಿ” ಎಂದೆ. ಅವರು ಗಣಿತದ ಮಾಸ್ತರರ ಮುಖ ನೋಡಿದರು, ಗಣಿತದ ಮಾಸ್ತರರು ಸೂರು ನೋಡಿದರು. ಕೊನೆಗೆ ಹೆಡ್‌ಮಾಸ್ತರರು ಬಹಳ ಮೆತ್ತಗೆ, “ಬಾಯಾರ, ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ. ಚಾತುರ್ಮಾಸ ನಡದೈತಿ. ನಮಗ ಬರೇ ಚಹಾ ಕೊಡ್ರಿ, ಸಾಕು” ಎಂದರು.

ಬಂದಿದ್ದ ಹತ್ತು ಜನರಲ್ಲಿ ಏಳು ಜನ ಜೈನರು. ಮಣ್ಣಿನೊಳಗೆ ಬೆಳೆಯುವ ಗಡ್ಡೆ ಅವರಿಗೆ ನಡೆಯುವುದಿಲ್ಲ, ಹಾಗಾಗಿ ಗಜ್ಜರಿ ಹೋಯಿತು. ಮಳೆಗಾಲದ ಈ ನಾಲ್ಕು ತಿಂಗಳು ಸೊಪ್ಪಿನಲ್ಲಿ ಹುಳು ಹುಪ್ಪಡಿ ಇರುತ್ತವೆಂದು ಸೊಪ್ಪು ಮುಟ್ಟುವುದಿಲ್ಲ, ಕೊತ್ತಂಬರಿ ಹೋಯಿತು. ಉಳಿದದ್ದು ಬಿಳಿ. ಅದರ ಮೇಲೆ ಉಳ್ಳಾಗಡ್ಡಿ ಇಟ್ಟು ಅದನ್ನೂ ಕೆಡಿಸಿದ್ದೆ. ಇದೆಲ್ಲ ನನಗೆ ಗೊತ್ತಿಲ್ಲದ ವಿಷಯವೇ? ಹನ್ನೊಂದು ವರ್ಷ ಗೋಡೆಗೆ ಗೋಡೆ ಹಚ್ಚಿ ಅವರ ಜೊತೆ ಬದುಕಿದವಳು. ವೈನಿಗೆ ಪಲ್ಯ ಕೊಡುವಾಗ ಪ್ರತಿಸಲ ಉಳ್ಳಾಗಡ್ಡಿ ಬಿಟ್ಟು ಬೇರೆ ತೆಗೆದಿಡುತ್ತಿದ್ದವಳು. ಹೊಟ್ಟೆಯೊಳಗಿನ ಕಿಚ್ಚಿನ ಹೊಗೆ ಕಣ್ಣಿಗೆ ಏರಿತ್ತು, ಅಷ್ಟೇ. ಹಬ್ಬದಂಥ ದಿನ ಮನೆಗೆ ಬಂದವರು ಬಾಯಿಗೆ ಏನೂ ಹಾಕಿಕೊಳ್ಳದೆ ಎದ್ದು ಹೋಗುವ ಹೊತ್ತು ಬಂದಿತ್ತು. ಯಜಮಾನರು ಭೂಪಟದಲ್ಲಿ ಊರು ಹುಡುಕುವವರ ಹಾಗೆ ಪರಾತವನ್ನು ನೋಡುತ್ತ ಕೂತಿದ್ದರು.

ಚಹಾ ತರುವ ನೆಪದಲ್ಲಿ ಒಳಗೆ ಓಡಿದೆ. ಪಡಸಾಲೆಯ ಮಾತು ಗೋಡೆಯಾಚೆ ಕೇಳಿಸಿತ್ತೇನೋ, ಹಿಂದೆಯೇ ತ್ರಿಶಲಾ ವೈನಿ ಹಿತ್ತಲ ಬಾಗಿಲಿನಿಂದ ಬಂದಳು. ನಾನು ಏನೂ ಹೇಳುವ ಮೊದಲೇ, “ಅಕ್ಕಾರ, ಡಬ್ಬ್ಯಾಗ ಇನ್ನೂ ಚುರುಮುರಿ ಅದಾವೇನ್ರಿ?” ಎಂದಳು.

“ಅದಾವ. ಮಳಿಗೆ ಮೆತ್ತಗಾಗ್ಯಾವು” ಎಂದೆ.

“ಆಗ್ಲಿ ಬಿಡ್ರಿ. ಬಾಂಡ್ಲಿ ತೊಳದ ಕೊಡ್ರಿ. ನೀವು ಚಹಾಕ್ಕ ಇಡ್ರಿ.”

ಆಕೆ ಚುರುಮುರಿಯನ್ನು ಬರೀ ಬಾಣಲೆಯಲ್ಲಿ ಹುರಿದು ಗರಿ ಮಾಡಿದಳು. ಶೇಂಗಾ, ಪುಠಾಣಿ, ಒಣಮೆಣಸಿನಕಾಯಿ, ಚೂರು ಸಕ್ಕರೆ. ನಾನು ಕರಿಬೇವು ಹಿಡಿದು ನಿಂತರೆ, “ಅದೂ ಎಲಿನಽ ಅಲ್ರಿ” ಎಂದು ನಕ್ಕಳು. ನನ್ನ ಒಲೆ, ನನ್ನ ಡಬ್ಬಿಗಳು, ನನ್ನ ಎಣ್ಣೆ. ಆದರೂ ಆ ಘಮ ನನ್ನ ಅಡಿಗೆಮನೆಯಲ್ಲಿ ಎಂದೂ ಎದ್ದಿರಲಿಲ್ಲ. ಸಹಾಯಕ್ಕೆ ಬಂದವಳ ಬೆನ್ನ ಹಿಂದೆ ನಿಂತು ಅವಳ ಕೈ ತಿರುಗುವ ರೀತಿ ನೋಡಿ ಉರಿದುಕೊಳ್ಳುತ್ತಿದ್ದೆ. ಕೃತಜ್ಞತೆ ಎಂಬುದು ಆಮೇಲೆ ಬಂತು, ಸುಮಾರು ನಾಲ್ಕು ದಿನ ತಡವಾಗಿ.

ತಾಟುಗಳಿಗೆ ಹಾಕಿ ಆಕೆ ನನ್ನ ಕೈಗೇ ಕೊಟ್ಟಳು. ನಾನು ಹೊರಗೆ ತಂದೆ. ಈ ಸಲ ಕೈಗಳು ಕಾಯಲಿಲ್ಲ. ಜೈನರು, ಜೈನರಲ್ಲದವರು ಎಲ್ಲರೂ ತಿಂದರು. ಡ್ರಿಲ್ ಮಾಸ್ತರರು ಎರಡನೆಯ ಸಲ ಹಾಕಿಸಿಕೊಂಡರು. ಯಜಮಾನರು ಒಂದು ಮುಕ್ಕು ಬಾಯಿಗೆ ಹಾಕಿ, ಅಗಿದು, ಕಣ್ಣು ಮುಚ್ಚಿದರು. ಆ ಕಣ್ಣು ಮುಚ್ಚುವುದು ನನಗೆ ಪರಿಚಯವಿತ್ತು.

“ವ್ಹಾ” ಎಂದರು. ಕಣ್ಣು ತೆರೆದು ನೇರ ನನ್ನ ಕಡೆ ನೋಡಿ, “ಇದನ್ನ ಮೊದಲಽ ತರೂದ ಬಿಟ್ಟು ಎಲ್ಲಿ ಮುಚ್ಚಿ ಇಟ್ಟಿದ್ದಿ?” ಎಂದರು.

ನಾನು ಬಾಯಿ ತೆರೆದೆ. ಒಳಬಾಗಿಲಲ್ಲಿ ನಿಂತಿದ್ದ ತ್ರಿಶಲಾ ವೈನಿ ನನಗಿಂತ ಮೊದಲು, “ಅಕ್ಕಾರ ನಮ್ಮ ಸಲುವಾಗಿ ಬ್ಯಾರೆ ಮಾಡಿ ಇಟ್ಟಿದ್ರಂತ್ರಿ” ಎಂದುಬಿಟ್ಟಳು. ಅಲ್ಲ ಎನ್ನಲು ನನಗೆ ಸಾಕಷ್ಟು ಸಮಯವಿತ್ತು. ಹದಿನಾಲ್ಕು ವರ್ಷ ಕಾದ ‘ವ್ಹಾ’ ಕಾಲ ಬುಡಕ್ಕೆ ಬಂದು ಬಿದ್ದಿತ್ತು. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿಕೊಂಡೆ.

ಹಲ್ವಾ, ವಡಿಗಳನ್ನು ನಾವು ಮನೆಯವರೇ ನಾಲ್ಕು ದಿನ ತಿಂದೆವು, ನಡೀತೈತಿ, ನಡೀತೈತಿ ಎನ್ನುತ್ತ. ಪರಾತ ಖಾಲಿಯಾದಾಗ ತಳದಲ್ಲಿ ಮರಾಠಿ ಅಕ್ಷರದಲ್ಲಿ ಕೊರೆದ ತ್ರಿಶಲಾ ಎಂಬ ಹೆಸರು ಕಂಡಿತು, ತವರಿನವರು ಕೊಡಿಸಿದ್ದಿರಬೇಕು. ಬೂದಿ ಹಚ್ಚಿ ಮೂರು ಸಲ ತಿಕ್ಕಿ, ಖಾಲಿ ಕೊಡಬಾರದೆಂದು ಸಕ್ಕರೆ ತುಂಬಿ ಒಯ್ದು ಕೊಟ್ಟೆ. “ವೈನಿ, ಆ ಚುರುಮುರಿಗೆ ಏನೇನ ಹಾಕಿದ್ರಿ?” ಎಂದು ಕೇಳುವಾಗ ನನ್ನ ದನಿ ಪೂರಾ ಇಳಿದಿತ್ತು. “ಏನ ಹಾಕ್ಲಿರಿ? ನಿಮ್ಮ ಡಬ್ಬ್ಯಾಗ ಇದ್ದದ್ದಽ ಹಾಕೇನಿ” ಎಂದಳು. ಸುಳ್ಳಲ್ಲ ಎಂಬುದೇ ಕಷ್ಟ.

ಅಲ್ಲಿಂದೀಚೆಗೆ ಎಷ್ಟೋ ಮಳೆಗಾಲಗಳು ಹೋದವು. ಮೋಡ ಕವಿದರೆ ಸಾಕು, ಯಜಮಾನರು, “ಆ ಚುರುಮುರಿ ಮಾಡು” ಎನ್ನುತ್ತಾರೆ. ಹುರಿಯುತ್ತೇನೆ, ಶೇಂಗಾ, ಪುಠಾಣಿ, ಚೂರು ಸಕ್ಕರೆ, ಕರಿಬೇವು ಇಲ್ಲದೆ, ಆಕೆ ಹಾಕಿದ್ದನ್ನೆಲ್ಲ ಹಾಕುತ್ತೇನೆ. ಅವರು ತಿಂದು ಸ್ವಲ್ಪ ಯೋಚಿಸಿ, “ನಡೀತೈತಿ. ಆದ್ರ ಆವತ್ತ ನೀ ಮಾಡಿದ್ದಿ ನೋಡು, ಆ ಕೈನ ಬ್ಯಾರೆ” ಎನ್ನುತ್ತಾರೆ. ಬಾಣಲೆ ಹಿಡಿದು ನಿಂತ ನನಗೆ ಮೈಯೆಲ್ಲ ಉರಿಯುತ್ತದೆ. ತ್ರಿಶಲಾ ವೈನಿಯ ಮೇಲಿನ ಹೊಟ್ಟೆಕಿಚ್ಚು ಹೇಗೋ ಕಡಿಮೆಯಾಗಿದೆ. ಈಗ ಇರುವುದೆಲ್ಲ ಆವತ್ತು ಆ ಚುರುಮುರಿ ಮಾಡಿದಳೆಂದು ನಮ್ಮ ಯಜಮಾನರು ನಂಬಿಕೊಂಡಿರುವ ಅವರ ಹೆಂಡತಿಯ ಮೇಲೆ.