ಕಂಪ್ಯೂಟರಿನ ಬಿಸಿಗೆ ತಿರುಗಿದ ಫ್ಯಾನು

ಏನಾದರೂ ವ್ಯರ್ಥವಾಗಿ ಹೋಗುತ್ತಿದ್ದರೆ ನನಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಲ್ಲಿ ಸೀಳಿ ಹಲ್ಲುಜ್ಜುವ ಆಸಾಮಿ ನಾನು. ಇದು ನಮ್ಮೂರಿನ ನೀರಿನ ಗುಣವೇ ಇರಬೇಕು. ಕೆಜಿಎಫ್‌ನಲ್ಲಿ ಗಣಿ ಮುಚ್ಚಿ ಎಷ್ಟೋ ಕಾಲವಾದರೂ, ಚಿನ್ನ ತೆಗೆದು ಸುರಿದ ಮಣ್ಣಿನ ಗುಡ್ಡಗಳನ್ನು ನೋಡಿ "ಅದರಾಗೆ ಇನ್ನೂ ಅದೆ" ಎನ್ನುವವರ ನಡುವೆ ಬೆಳೆದವನು. ಅಂಥವನ ಕಂಪ್ಯೂಟರಿನಿಂದ ದಿನವಿಡೀ ಬಿಸಿ ಸುಮ್ಮನೆ ಹೊರಗೆ ಹೋಗುತ್ತಿದ್ದರೆ ಸಹಿಸುವುದು ಹೇಗೆ?

ಆಂಡರ್ಸನ್‌ಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ನಾನು ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತೇನೆ. ಧಾರೆ, ಆರತಕ್ಷತೆ, ಡ್ರೋನಿನಿಂದ ಹಿಡಿದ ಊಟದ ಪಂಕ್ತಿ ಎಲ್ಲವನ್ನೂ ಜೋಡಿಸುವಷ್ಟರಲ್ಲಿ ಕಂಪ್ಯೂಟರಿಗೆ ಜ್ವರ ಬಂದಿರುತ್ತದೆ. ಅದನ್ನು ತಣಿಸಲು ಒಳಗೆ ಕೊಳವೆಗಳಲ್ಲಿ ನೀರು ಓಡಾಡುತ್ತದೆ. ಆ ನೀರಿನ ಬಿಸಿಗೆ ಎಲೆಕ್ಟ್ರಾನಿಕ್ ಅಂಗಡಿಯಲ್ಲಿ ಸಿಗುವ ಒಂದು ಪುಟ್ಟ ಬಿಲ್ಲೆ ತಾಗಿಸಿ, ಬಿಲ್ಲೆಯ ಇನ್ನೊಂದು ಮೈಯನ್ನು ಒದ್ದೆ ಬಟ್ಟೆಯಿಂದ ತಣ್ಣಗಿಟ್ಟರೆ ಕರೆಂಟು ಹುಟ್ಟುತ್ತದೆಂದು ಎಲ್ಲೋ ನೋಡಿದ್ದೆ. ನನ್ನ ತಲೆ ಕೆಡಲು ಅಷ್ಟು ಸಾಕಾಯಿತು.

ಅದೇ ಹೊತ್ತಿಗೆ ನನ್ನ ಹೆಂಡತಿ ಮಂಜುಳ ಅಡುಗೆಮನೆಗೊಂದು ಫ್ಯಾನು ಬೇಕೆಂದಳು. "ಮುದ್ದೆ ತೊಳಸೋವಾಗ ಜೀವ ಓಗ್ತದೆ ಕಣ್ರಿ," ಎಂದಳು. "ಕೊಂಡ್ಕೊಳ್ಳೋದ್ಯಾಕೆ? ಪುಕ್ಕಟೆ ಗಾಳಿ ನಾನೇ ಕೊಡ್ತೀನಿ," ಎಂದೆ. ಅವಳು ವಾದಕ್ಕಿಳಿಯದೆ ಕಾಮಸಮುದ್ರದಿಂದ ತನ್ನ ಅಪ್ಪನನ್ನು ಕರೆಸಿದಳು. ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ನಮ್ಮ ಮಾವನೇ ನಮ್ಮ ಮನೆಗೆ ಹೈಕೋರ್ಟು. ನನ್ನ ಫ್ಯಾನು ತಿರುಗಿದರೆ ಮಂಜುಳ ಇನ್ನು ಫ್ಯಾನಿನ ಸೊಲ್ಲೆತ್ತಬಾರದು, ತಿರುಗದಿದ್ದರೆ ನಾನು ಹೋಗಿ ಒಂದು ತರಬೇಕು ಎಂದು ಅವರೆದುರೇ ಮಾತಾಯಿತು.

ಭಾನುವಾರ ಮಾವನನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆ. ಬಿಲ್ಲೆಗೆ ವೈರಿನಿಂದ ಜೋಡಿಸಿದ್ದ ಅಂಗೈಯಗಲದ ನನ್ನ ಫ್ಯಾನು ಚಾವಣಿಯ ಫ್ಯಾನಿನ ಗಾಳಿಗೆ ತಿರುಗಿತೆಂದು ಮಂಜುಳ ತಕರಾರು ತೆಗೆಯಬಾರದಲ್ಲ, ಚಾವಣಿಯದನ್ನು ಆರಿಸಿದೆ. ಹೊರಗಿನ ಗಾಳಿಯ ಮೇಲೂ ಅನುಮಾನ ಬರಬಾರದೆಂದು ಕಿಟಕಿ ಬಾಗಿಲು ಮುಚ್ಚಿದೆ. ಬಿಸಿ ಸಾಲದಾದೀತೆಂದು ಬಂಗಾರಪೇಟೆಯ ಭಾರೀ ಮದುವೆಯೊಂದನ್ನು ಕಂಪ್ಯೂಟರಿನ ತಲೆಗೆ ಕಟ್ಟಿದೆ. ಮಾವ ಟವೆಲ್ಲಿನಲ್ಲಿ ಕತ್ತು ಒರೆಸಿಕೊಂಡರು. ಆಮೇಲೆ ಅಂಗಿ ಬಿಚ್ಚಿದರು.

"ಇನ್ನೂ ಎಷ್ಟೊತ್ತು ಅಳಿಯಂದ್ರೆ?"

"ಧಾರೆ ಮುಗೀಲಿ ಮಾವ, ಆರತಕ್ಷತೆಗೆ ಬಿಸಿ ಏರ್ತದೆ."

ಏರಿತು! ಫ್ಯಾನು ಒಮ್ಮೆ ನಡುಗಿ, ಯೋಚಿಸಿ, ತಿರುಗಿಯೇಬಿಟ್ಟಿತು. ನನಗಾದ ಸಂತೋಷಕ್ಕೆ ಮಾವನ ಬೆವರಿದ ಕೈಯನ್ನೇ ಹಿಡಿದು ಕುಲುಕಿದೆ. ಸೋತ ಮಂಜುಳ ಕೂಡ ಚಪ್ಪಾಳೆ ತಟ್ಟಿದಳು. ಹೈಕೋರ್ಟು ಮಾತ್ರ ಗಂಟಲು ಸರಿಮಾಡಿಕೊಂಡಿತು.

"ತಿರುಗ್ತು. ಸುಳ್ಳೇಳಬಾರ್ದು, ಗೆದ್ದೋರು ನೀವೇ. ಇದನ್ನ ಒಲೆ ತಾವ ಇಟ್ಕೊಂಡು ಇವತ್ತು ಮುದ್ದೆನೂ ನೀವೇ ತೊಳಸ್ಬಿಡಿ. ಗೆದ್ದ ಗಾಳಿನ ಬ್ಯಾರೇರು ಯಾಕೆ ಕುಡೀಬೇಕು?"

ಅಳಿಯನಿಗೆ ಎಲೆ ಹಾಕುವ ಮಾವಂದಿರನ್ನು ಕಂಡಿದ್ದೇನೆ, ಒಲೆ ತೋರಿಸಿದವರು ಇವರೊಬ್ಬರೇ. ಆದರೂ ಗೆದ್ದವನ ಗತ್ತಿನಿಂದ ವೈರು ಎಳೆದು ಫ್ಯಾನನ್ನು ಒಲೆಯ ಪಕ್ಕ ಇಟ್ಟು, ಕೋಲು ಹಿಡಿದು ನಿಂತೆ. ರಾಗಿ ಹಿಟ್ಟು ಕುದಿಯಿತು, ನಾನೂ ಕುದ್ದೆ. ಫ್ಯಾನಿನ ಗಾಳಿ ನನ್ನ ಮೂಗಿನ ತುದಿಯವರೆಗೂ ಬರಲಿಲ್ಲ. ಗಂಟುಗಂಟಾಗಿದ್ದ ಮುದ್ದೆಯನ್ನು ಮಾವ ಸಾರಿನಲ್ಲಿ ಅದ್ದಿ ಅದ್ದಿ ನುಂಗಿದರು. ಕೊಟ್ಟ ಮಾತಿನಂತೆ ಮಂಜುಳ ಫ್ಯಾನಿನ ಸೊಲ್ಲೆತ್ತಲಿಲ್ಲ. ನಾನೇ ಎತ್ತಿದೆ. ಮರುದಿನ ಬಂಗಾರಪೇಟೆಯಿಂದ ಒಳ್ಳೆಯದೊಂದನ್ನು ತಂದು ಅಡುಗೆಮನೆಗೆ ಹಾಕಿಸಿದೆ.

ನನ್ನ ಬಿಲ್ಲೆ ಈಗ ಮೇಜಿನ ಡ್ರಾಯರಿನಲ್ಲಿದೆ. ಕಂಪ್ಯೂಟರಿನ ಬಿಸಿ ಹೊರಬರುವ ಜಾಗದಲ್ಲಿ ಮಂಜುಳ ನೆನೆಸಿದ ಹುರುಳಿಕಾಳಿನ ಡಬ್ಬಿ ಇಡುತ್ತಾಳೆ. ಎಂಥ ಚಳಿಯಲ್ಲೂ ಸೊಗಸಾಗಿ ಮೊಳಕೆ ಬರುತ್ತವೆ. ಮಾವ ಬಂದರಂತೂ ಮೊಳಕೆ ಸಾರು ಆಗಲೇಬೇಕು. ಅಂಥ ದಿನ ಹೊಸ ಫ್ಯಾನಿನ ಕೆಳಗೆ ತಣ್ಣಗೆ ನಿಂತು ಅವಳು ಕೂಗುತ್ತಾಳೆ:

"ರೀ, ಕಾಳು ಇನ್ನೂ ಮೊಳಕೆ ಒಡ್ದಿಲ್ಲ. ಇನ್ನೊಂದು ಮದ್ವೆ ಹಾಕ್ರಿ!"

ಹಾಕುತ್ತೇನೆ. ಬಿಸಿ ವ್ಯರ್ಥವಾಗಬಾರದೆಂದವನು ನಾನೇ ಅಲ್ಲವೇ?